ಮೀನು ಸಾಯುವುದಿಲ್ಲ, ಮರಿ ಮಾತ್ರ ಕಾಣುವುದಿಲ್ಲ

ಹೊಳೆಗೆ ವಿಷ ಬಿದ್ದರೆ ಊರಿಗೆಲ್ಲ ಗೊತ್ತಾಗುತ್ತದೆ. ಬೆಳಗ್ಗೆ ಹೋಗಿ ನೋಡಿದರೆ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿರುತ್ತದೆ. ನಾತ ಬರುತ್ತದೆ. ಪಂಚಾಯತಿಗೆ ಫೋನ್ ಹೋಗುತ್ತದೆ, ಮರುದಿನ ಪೇಪರಿನಲ್ಲಿ ಫೋಟೊ ಬರುತ್ತದೆ. ಆದರೆ ನೀರಿಗೆ ಸೇರುವ ಇನ್ನೊಂದು ಬಗೆಯ ವಸ್ತು ಇದೆ. ಅದರಿಂದ ಮೀನು ಸಾಯುವುದಿಲ್ಲ. ತಿನ್ನುತ್ತದೆ, ಈಜುತ್ತದೆ, ಗಾಳ ಹಾಕಿದರೆ ಸಿಗುತ್ತದೆ, ಸಾರಿಗೂ ಆಗುತ್ತದೆ. ಮುಂದಿನ ಮಳೆಗಾಲ ಕಳೆದ ಮೇಲೆ ಮರಿಗಳು ಮಾತ್ರ ಕಡಿಮೆ. ಇದನ್ನು ಯಾರೂ ಫೋಟೊ ತೆಗೆಯಲು ಆಗುವುದಿಲ್ಲ ಅಲ್ವಾ?

ಆ ವಸ್ತು ಕಾರ್ಖಾನೆಯಲ್ಲಿ ಮಾಡಿದ ಹಾರ್ಮೋನು. ಗರ್ಭ ತಡೆಯುವ ಮಾತ್ರೆಯಲ್ಲಿ, ಮುಟ್ಟು ಮುಂದೂಡುವ ಮಾತ್ರೆಯಲ್ಲಿ ಇರುವಂಥದ್ದು. ಮೀನುಮರಿ ಹ್ಯಾಚರಿಗಳಲ್ಲೂ ಬಳಸುತ್ತಾರೆ.

ಮೈಯೊಳಗೆ ಹಾರ್ಮೋನಿನ ಕೆಲಸ ಜಾತ್ರೆಯ ಕದಿನದ ಹಾಗೆ. ಒಂದು ಕದಿನ ಸಿಡಿದರೆ ಇಡೀ ಊರಿಗೆ ಕೇಳುತ್ತದೆ. ಬಲಿ ಹೊರಟಿತು ಎಂದು ಚೆಂಡೆಯವರು ಒಂದು ಕಡೆ ಓಡುತ್ತಾರೆ, ಅಡುಗೆಯವರು ಇನ್ನೊಂದು ಕಡೆ. ಸದ್ದು ಒಂದೇ, ಕೆಲಸ ಬೇರೆ ಬೇರೆ. ಹಾರ್ಮೋನು ಕೂಡ ರಕ್ತದಲ್ಲಿ ಹರಿದಾಡುವ ಒಂದು ಸೂಚನೆ, ಅಷ್ಟೇ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಮೀನಿನ ಪಿತ್ತಜನಕಾಂಗಕ್ಕೆ ತಲುಪಿದರೆ 'ಮೊಟ್ಟೆಗೆ ಬೇಕಾದ ಪೌಷ್ಟಿಕಾಂಶ ತಯಾರು ಮಾಡು' ಎಂದು ಅರ್ಥ. ಅಂಡಾಶಯಕ್ಕೆ ತಲುಪಿದರೆ ಬೇರೆ ಅರ್ಥ. ಸೂಚನೆ ಆದ್ದರಿಂದ ತೀರಾ ಚೂರು ಇದ್ದರೂ ಸಾಕು.

ಇನ್ನೊಂದು ಸಂಗತಿ ಗಮನಿಸಿ. ನಮ್ಮ ಮೈಯಲ್ಲಿರುವ ಮುಖ್ಯ ಈಸ್ಟ್ರೋಜನ್ ಈಸ್ಟ್ರಡಯಾಲ್. ಮೀನಿನ ಮೈಯಲ್ಲಿರುವುದೂ ಅದೇ. ಹೆಚ್ಚು ಕಡಿಮೆ ಅಂತಲ್ಲ, ಅಣು ಅಣುವಿಗೂ ಅದೇ. ಹಾಗಾಗಿ ಮನುಷ್ಯರಿಗೆಂದು ಮಾಡಿದ ಹಾರ್ಮೋನು ಮಾತ್ರೆಯನ್ನು ಮೀನಿನ ಮೈ ಪರಕೀಯ ಎಂದು ಗುರುತಿಸುವುದೇ ಇಲ್ಲ. ಅದಕ್ಕೆ ಸರಿಯಾಗಿ ಮೀನು ಇಡೀ ದಿನ ಕಿವಿರಿನ ಮೂಲಕ ನೀರು ಹಾಯಿಸುತ್ತಲೇ ಇರುತ್ತದೆ. ನಾವು ಮಾತ್ರೆಯನ್ನು ದಿನಕ್ಕೊಮ್ಮೆ ನುಂಗಿದರೆ, ಅದು ಹಗಲೂ ರಾತ್ರಿ ಅದರೊಳಗೇ ಮುಳುಗಿರುತ್ತದೆ.

ಗರ್ಭ ತಡೆಯುವ ಮಾತ್ರೆಯಲ್ಲಿರುವುದು ಎಥಿನೈಲ್ ಈಸ್ಟ್ರಡಯಾಲ್. 1938ರಲ್ಲಿ ಬರ್ಲಿನ್ನಿನ ಶೇರಿಂಗ್ ಕಂಪನಿಯ ಪ್ರಯೋಗಶಾಲೆಯಲ್ಲಿ ತಯಾರಾದದ್ದು. ಮೈಯಲ್ಲಿ ಸಹಜವಾಗಿ ಇರುವ ಈಸ್ಟ್ರಡಯಾಲನ್ನು ನುಂಗಿದರೆ ಪಿತ್ತಜನಕಾಂಗ ಅದನ್ನು ಬೇಗ ಮುರಿದುಹಾಕುತ್ತದೆ, ಮಾತ್ರೆಯಾಗಿ ಅಷ್ಟಾಗಿ ಪ್ರಯೋಜನಕ್ಕೆ ಬರುವುದಿಲ್ಲ. ಅದಕ್ಕೆ ಅಣುವಿನ ಒಂದು ಮೂಲೆಗೆ ಎರಡು ಇಂಗಾಲದ ಒಂದು ಬಾಲ ಸೇರಿಸಿದರು. ಆ ಬಾಲ ಇದ್ದರೆ ಸುಲಭವಾಗಿ ಮುರಿಯುವುದಿಲ್ಲ. ಔಷಧಿಯಾಗಿ ಅದೇ ಅದರ ಹೆಚ್ಚುಗಾರಿಕೆ. ಹೊಳೆಗೆ ಸೇರಿದ ಮೇಲೆ ಅದೇ ತೊಂದರೆ. ಹೊಟ್ಟೆಯೊಳಗೆ ಬಾಳಿಕೆ ಬರಬೇಕೆಂದು ಮಾಡಿದ್ದು ಗುಂಡಿಯೊಳಗೂ ಬಾಳಿಕೆ ಬರುತ್ತದೆ.

ಎಷ್ಟು ಚೂರು ಸಾಕು? ಇಲ್ಲಿ ಒಂದು ಲೆಕ್ಕ ಮಾಡಿಯೇ ನೋಡಬೇಕು, ಸುಮ್ನೆ 'ತುಂಬ ಕಡಿಮೆ' ಎಂದರೆ ತಲೆಗೆ ಹೋಗುವುದಿಲ್ಲ.

ಸರಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್ ಶೀಟು ತೆಗೆದುಕೊಳ್ಳಿ. 28 ಮಾತ್ರೆ. ಅದರಲ್ಲಿ 7 ಬರೀ ಕಬ್ಬಿಣದವು. ಉಳಿದ 21ರಲ್ಲಿ ಹಾರ್ಮೋನು ಇದೆ. ಒಂದೊಂದರಲ್ಲಿ ಎಥಿನೈಲ್ ಈಸ್ಟ್ರಡಯಾಲ್ 0.03 ಮಿಲಿಗ್ರಾಂ, ಅಂದರೆ 30 ಸಾವಿರ ನ್ಯಾನೊಗ್ರಾಂ. ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲಿಗೆ ನ್ಯಾನೊಗ್ರಾಂ ಎನ್ನುತ್ತಾರೆ. ಈಗ ಅಡಿಕೆ ತೋಟದ ಒಂದು ಕೆರೆ ನೆನಪು ಮಾಡಿಕೊಳ್ಳಿ. ಉದ್ದ 10 ಮೀಟರ್, ಅಗಲ 10 ಮೀಟರ್, ನೀರು 3 ಮೀಟರ್ ಆಳ. ಒಟ್ಟು 3 ಲಕ್ಷ ಲೀಟರ್. ಒಂದೇ ಒಂದು ಮಾತ್ರೆ ಇದರಲ್ಲಿ ಪೂರ್ತಿ ಕರಗಿದರೆ ಲೀಟರಿಗೆ 0.1 ನ್ಯಾನೊಗ್ರಾಂ ಆಗುತ್ತದೆ. ಮೀನಿನ ಸಂತತಿಗೆ ತೊಂದರೆ ಇಲ್ಲದ ಮಿತಿ ಎಂದು ವಿಜ್ಞಾನಿಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವುದು ಸುಮಾರು ಇಷ್ಟೇ. ಪೂರ್ತಿ ಶೀಟು ಬಿದ್ದರೆ 2.1 ನ್ಯಾನೊಗ್ರಾಂ. ಮೂರು ಶೀಟು ಬಿದ್ದರೆ 6 ದಾಟುತ್ತದೆ.

6 ಯಾಕೆ ಎಂದರೆ, ಆ ಮಟ್ಟದಲ್ಲಿ ಏನಾಗುತ್ತದೆ ಎಂದು ಕೆನಡಾದಲ್ಲಿ ಒಂದು ಇಡೀ ಸರೋವರದಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ಒಂಟಾರಿಯೊ ಪ್ರಾಂತ್ಯದ ವಾಯವ್ಯ ಭಾಗದಲ್ಲಿ ಪ್ರಯೋಗಕ್ಕೆಂದೇ ಬಿಟ್ಟ ಸರೋವರಗಳಿವೆ. ಅಲ್ಲಿಯ 260ನೇ ನಂಬರಿನ ಸರೋವರಕ್ಕೆ 2001ರಿಂದ 2003ರವರೆಗೆ ಪ್ರತಿ ಬೇಸಗೆಯಲ್ಲಿ ಎಥಿನೈಲ್ ಈಸ್ಟ್ರಡಯಾಲ್ ಹಾಕಿದರು. ಲೀಟರಿಗೆ 5-6 ನ್ಯಾನೊಗ್ರಾಂ ಇರುವ ಹಾಗೆ ನೋಡಿಕೊಂಡರು. ಮುಂದಾಳು ಕ್ಯಾರೆನ್ ಕಿಡ್ ಎಂಬ ವಿಜ್ಞಾನಿ. ಸರೋವರದಲ್ಲಿ ಫ್ಯಾಟ್‌ಹೆಡ್ ಮಿನ್ನೋ ಎಂಬ ಬೆರಳುದ್ದದ ಮೀನು ಬೇಕಾದಷ್ಟಿತ್ತು.

ಮೊದಲ ಬೇಸಗೆಯಲ್ಲೇ ಗಂಡು ಮೀನುಗಳ ಮೈಯಲ್ಲಿ ವಿಟೆಲೊಜೆನಿನ್ ತುಂಬಿಕೊಂಡಿತು. ಇದು ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನು. ಹೆಣ್ಣು ಮೀನಿನ ಪಿತ್ತಜನಕಾಂಗ ಮಾಡಿ ಕೊಡುತ್ತದೆ. ಮಾಡುವ ಸಾಮರ್ಥ್ಯ ಗಂಡಿನಲ್ಲೂ ಇದೆ, ಆದರೆ ಮಾಡು ಎನ್ನುವ ಸೂಚನೆ ಅದಕ್ಕೆ ಬರುವುದಿಲ್ಲ. ಈಗ ನೀರಿನಿಂದ ಬಂತು. ಗಂಡು ಮೀನಿಗೆ ಮೊಟ್ಟೆ ಇಲ್ಲ, ಹಾಗಾಗಿ ಆ ಪ್ರೋಟೀನು ಹೋಗುವ ಜಾಗ ಇಲ್ಲ. ರಕ್ತದಲ್ಲೇ ಉಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ವೃಷಣ ಸರಿಯಾಗಿ ಬೆಳೆಯಲಿಲ್ಲ. ಕೆಲವು ಗಂಡುಗಳ ವೃಷಣದೊಳಗೆ ಮೊಟ್ಟೆಯ ಕಣಗಳೇ ಕಾಣಿಸಿಕೊಂಡವು. ಎರಡನೇ ಬೇಸಗೆ ಕಳೆಯುವಷ್ಟರಲ್ಲಿ ಆ ವರ್ಷದ ಮರಿಗಳೇ ಇಲ್ಲ ಎನ್ನುವ ಸ್ಥಿತಿ. ಮಿನ್ನೋ ಬದುಕುವುದೇ ಎರಡು ಮೂರು ವರ್ಷ. ಒಂದೆರಡು ವರ್ಷ ಮರಿ ತಪ್ಪಿದರೆ ಸಂತತಿಯೇ ಮುಗಿಯಿತು. ಹಾಗೇ ಆಯಿತು, ಹೆಚ್ಚುಕಡಿಮೆ ಪೂರ್ತಿ ಖಾಲಿ. ಆಮೇಲೆ ಅದನ್ನು ತಿಂದು ಬದುಕುವ ದೊಡ್ಡ ಟ್ರೌಟ್ ಮೀನುಗಳೂ ಹೊಟ್ಟೆಗಿಲ್ಲದೆ ಕಡಿಮೆಯಾದವು. ವರದಿ 2007ರಲ್ಲಿ ಬಂತು. ಹಾರ್ಮೋನು ಹಾಕುವುದು ನಿಲ್ಲಿಸಿದ ಮೇಲೆ ಕೆಲವೇ ವರ್ಷಗಳಲ್ಲಿ ಮಿನ್ನೋ ಮತ್ತೆ ತುಂಬಿಕೊಂಡಿತು ಎಂಬುದನ್ನೂ ಹೇಳಬೇಕು. ಅದನ್ನು ಬಿಟ್ಟು ಹೇಳುವವರೇ ಜಾಸ್ತಿ.

ಇದಕ್ಕಿಂತ ಮೊದಲೇ ಇಂಗ್ಲೆಂಡಿನ ಹೊಳೆಗಳಲ್ಲಿ ಸುಳಿವು ಸಿಕ್ಕಿತ್ತು. ಕೊಳಚೆ ಶುದ್ಧ ಮಾಡಿ ಬಿಡುವ ಜಾಗದ ಕೆಳಗೆ ರೋಚ್ ಎಂಬ ಮೀನು ಹಿಡಿಯುತ್ತಿದ್ದವರಿಗೆ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಮೀನು ಸಿಗುತ್ತಿದ್ದವು. 1998ರ ಹೊತ್ತಿಗೆ ಹಲವು ಹೊಳೆಗಳಲ್ಲಿ ನೋಡಿದರು. ಕೆಲವು ಕಡೆ ಹಿಡಿದ ಗಂಡುಗಳಲ್ಲಿ ಒಂದೂ ಬಿಡದೆ ಎಲ್ಲದರಲ್ಲೂ ಹೆಣ್ಣಿನ ಲಕ್ಷಣ. ಆದರೂ ಅಲ್ಲಿ ರೋಚ್ ಅಳಿಯಲಿಲ್ಲ, ಇಂದಿಗೂ ಇದೆ. ಅಂದರೆ ಕೆನಡಾದ ಸರೋವರದಲ್ಲಿ ಆದದ್ದು ಎಲ್ಲ ಕಡೆ ಹಾಗೇ ಆಗುತ್ತದೆ ಎಂದು ಹೆದರಿಸುವುದು ಸರಿಯಲ್ಲ. ಹೊಳೆ ಯಾವುದು, ಮೀನು ಯಾವುದು, ಎಷ್ಟು ಕಾಲ, ಎಷ್ಟು ಪ್ರಮಾಣ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ.

ಹಾಗಾದರೆ ನಮ್ಮ ಹೊಳೆಗೆ ಬರೋಣ.

ಕೇರಳದ 44 ಹೊಳೆಗಳಲ್ಲಿ 12 ಕಾಸರಗೋಡು ಜಿಲ್ಲೆಯಲ್ಲೇ ಇವೆ. ಬಹುತೇಕ ಎಲ್ಲವೂ ಗಿಡ್ಡ ಹೊಳೆಗಳು. ಕೊಡಗಿನಲ್ಲಿ ಹುಟ್ಟಿ, ಸುಳ್ಯ ಪೇಟೆ ದಾಟಿ, ಗಡಿಯ ಈಚೆ ಬಂದು ಚಂದ್ರಗಿರಿಯಾಗುವ ಪಯಸ್ವಿನಿಯೇ ಸುಮಾರು 105 ಕಿಲೋಮೀಟರ್. ಜುಲೈಯಲ್ಲಿ ಈ ಹೊಳೆಗಳನ್ನು ನೋಡಿದರೆ ಏನು ಬಿದ್ದರೂ ತೊಳೆದುಕೊಂಡು ಹೋಗುತ್ತದೆ ಎನಿಸುತ್ತದೆ. ನಿಜ, ಹೋಗುತ್ತದೆ. ಎಪ್ರಿಲಿನಲ್ಲಿ ನೋಡಿ. ಹರಿವು ನಿಂತು ಅಲ್ಲೊಂದು ಇಲ್ಲೊಂದು ಕಯ ಉಳಿದಿರುತ್ತದೆ. ಊರವರು ತೋಟಕ್ಕೆ ನೀರು ಉಳಿಯಲೆಂದು ಹಾಕಿದ ಕಟ್ಟಗಳ ಹಿಂದೆ ಸ್ವಲ್ಪ ನಿಂತಿರುತ್ತದೆ. ಕೆಳಗೆ ಬಾವಿಕ್ಕರೆಯಲ್ಲಿ ಉಪ್ಪುನೀರು ಮೇಲೆ ಬಾರದಂತೆ ಅಡ್ಡಕಟ್ಟಿ ನಿಲ್ಲಿಸಿದ ನೀರೇ ಕಾಸರಗೋಡು ಪೇಟೆಗೆ ಕುಡಿಯುವ ನೀರು. ಹೊಳೆಯ ಮೀನೆಲ್ಲ ಆ ಎರಡು ಮೂರು ತಿಂಗಳು ಈ ಹೊಂಡಗಳಲ್ಲಿ ಒತ್ತೊತ್ತಾಗಿ ಬದುಕಬೇಕು. ಬೆರೆಯಲು ಬೇರೆ ನೀರಿಲ್ಲದಾಗ, ಬಂದು ಸೇರಿದ್ದು ಅಲ್ಲೇ ಗಟ್ಟಿಯಾಗುತ್ತದೆ.

ಮೀನಿಗೆ ಇದಕ್ಕಿಂತ ಕೆಟ್ಟ ಸಮಯ ಇನ್ನೊಂದಿಲ್ಲ. ಯಾಕೆ? ಮಳೆಗಾಲದ ಮೊದಲ ನೆರೆಗೆ ಮುಗುಡು ತೋಡು ಹತ್ತಿ ಗದ್ದೆಗೆ ಬರುವುದನ್ನು ನೋಡಿದವರಿಗೆ ಗೊತ್ತು. ಹೊಟ್ಟೆ ಉಬ್ಬಿರುತ್ತದೆ, ಕೈಯಲ್ಲಿ ಹಿಡಿದು ಸ್ವಲ್ಪ ಒತ್ತಿದರೆ ಮೊಟ್ಟೆ ಹೊರಗೆ ಬರುತ್ತದೆ. (ಹೀಗೆ ಹತ್ತುವ ಮೀನು ಹಿಡಿಯಲು ಕೇರಳದಲ್ಲಿ ನಿಷೇಧ ಇದೆ. ಎಷ್ಟು ಮಂದಿ ಕೇಳುತ್ತಾರೆ ಎಂಬುದು ಬೇರೆ ಮಾತು.) ಆ ಮೊಟ್ಟೆ ಜೂನಿನಲ್ಲಿ ಒಂದೇ ರಾತ್ರಿಯಲ್ಲಿ ಆದದ್ದಲ್ಲ. ಮಳೆಗಾಲದಲ್ಲಿ ಮರಿ ಮಾಡುವ ನಮ್ಮ ಮೀನುಗಳ ಅಂಡಾಶಯ, ವೃಷಣ ಎರಡೂ ತಯಾರಾಗತೊಡಗುವುದು ಫೆಬ್ರವರಿ-ಮಾರ್ಚಿನಲ್ಲಿ. ಮೇ ತಿಂಗಳಿಗೆ ಮಾಗುತ್ತವೆ. ಆ ತಯಾರಿ ನಡೆಸುವುದು ಮೀನಿನ ಸ್ವಂತ ಹಾರ್ಮೋನು, ದಿನ ಉದ್ದವಾಗುವುದನ್ನೂ ನೀರು ಬಿಸಿಯಾಗುವುದನ್ನೂ ನೋಡಿಕೊಂಡು. ಹೊರಗಿನ ಹಾರ್ಮೋನು ಹೊಳೆಯಲ್ಲಿ ಅತಿ ದಟ್ಟವಾಗಿರುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಕೆನಡಾ, ಇಂಗ್ಲೆಂಡಿನ ವರದಿ ಓದುವಾಗ ನನ್ನನ್ನು ಹೆಚ್ಚು ಕಾಡುವುದು ಇದೇ. ಅಲ್ಲಿಯ ಹೊಳೆಗಳಿಗೆ ವರ್ಷವಿಡೀ ಒಂದಷ್ಟು ಹರಿವು ಇದೆ. ವರ್ಷದ ಸರಾಸರಿ ನೋಡಿ ನಮ್ಮ ಹೊಳೆ ಚೆನ್ನಾಗಿದೆ ಎಂದರೆ ಅದು ಜುಲೈಯ ನೆರೆಯ ಲೆಕ್ಕ, ಮೀನಿನ ಲೆಕ್ಕ ಅಲ್ಲ.

ಇನ್ನು ಹಾರ್ಮೋನು ಹೊಳೆಗೆ ಬರುವ ದಾರಿ. ಮಾತ್ರೆ ತೆಗೆದುಕೊಂಡವರ ಮೈಯಿಂದ ಅದರ ಒಂದು ಪಾಲು ಮಲಮೂತ್ರದಲ್ಲಿ ಹೊರಗೆ ಬರುತ್ತದೆ. ಹೊರಗೆ ಹಾಕುವ ಮೊದಲು ಪಿತ್ತಜನಕಾಂಗ ಅದಕ್ಕೆ ಸಕ್ಕರೆಯಂಥ ಒಂದು ತುಂಡು ಅಂಟಿಸಿ ಕೆಲಸಕ್ಕೆ ಬಾರದ ಹಾಗೆ ಮಾಡಿರುತ್ತದೆ. ಆದರೆ ಕಕ್ಕಸು ಗುಂಡಿಯಲ್ಲಿರುವ ಬ್ಯಾಕ್ಟೀರಿಯಾ ಆ ತುಂಡನ್ನು ಕಿತ್ತು ತಿನ್ನುತ್ತವೆ. ಹಾರ್ಮೋನು ಮತ್ತೆ ಜೀವಂತ! ಗಾಳಿ ಊದಿ ಕೆಲಸ ಮಾಡುವ ಒಳ್ಳೆಯ ಶುದ್ಧೀಕರಣ ಘಟಕದಲ್ಲಾದರೆ ಬಹುಪಾಲು ಮುರಿದುಹೋಗುತ್ತದೆ. ಗಾಳಿಯಿಲ್ಲದ ಸೆಪ್ಟಿಕ್ ಟ್ಯಾಂಕಿನಲ್ಲಿ ಎಥಿನೈಲ್ ಈಸ್ಟ್ರಡಯಾಲ್ ಸುಲಭಕ್ಕೆ ಮುರಿಯುವುದಿಲ್ಲ. ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಇರುವುದು ಟ್ಯಾಂಕು, ಇಲ್ಲವೇ ಬರೀ ಗುಂಡಿ. ಮಣ್ಣು ಒಳ್ಳೆಯದಿದ್ದರೆ ಪರವಾಗಿಲ್ಲ, ಈ ಹಾರ್ಮೋನು ಮಣ್ಣಿನ ಗೊಬ್ಬರದಂಶಕ್ಕೆ ಅಂಟಿಕೊಳ್ಳುತ್ತದೆ. ಆದರೆ ಕೆಳಗಿರುವುದು ತೂತು ತೂತಾದ ಮುರಕಲ್ಲು. ಮಳೆ ಬಂದರೆ ಅದರೊಳಗೆ ನೀರು ಸೋಸಿಕೊಂಡು ಹೋಗುವುದಕ್ಕಿಂತ ಹರಿದುಕೊಂಡು ಹೋಗುವುದೇ ಜಾಸ್ತಿ. ಬಾವಿಗೂ ಗುಂಡಿಗೂ ಏಳೂವರೆ ಮೀಟರ್ ದೂರ ಇರಬೇಕೆಂಬ ಕೇರಳದ ಕಟ್ಟಡ ನಿಯಮ ರೋಗಾಣುವಿಗೆ ಹೆದರಿ ಮಾಡಿದ್ದು, ಹಾರ್ಮೋನಿಗೆ ಅಲ್ಲ. ಇನ್ನು ಟ್ಯಾಂಕು ತುಂಬಿದಾಗ ಲಾರಿ ಕರೆಸಿ ಖಾಲಿ ಮಾಡಿಸುತ್ತೇವೆ. ಆ ಲಾರಿ ರಾತ್ರಿ ಎಲ್ಲಿ ಹೋಗಿ ಖಾಲಿಯಾಯಿತು ಎಂದು ಕೇಳುವವರು ಕಡಿಮೆ. ಹೊಳೆಬದಿಯವರಿಗೆ ಮಾತ್ರ ಉತ್ತರ ಗೊತ್ತಿರುತ್ತದೆ.

ಇಷ್ಟು ಓದಿ 'ಓಹೋ, ಹೆಂಗಸರು ಮಾತ್ರೆ ನುಂಗಿ ಹೊಳೆ ಹಾಳಾಯಿತು' ಎಂದು ತೀರ್ಮಾನ ಮಾಡುವವರು ಇರುತ್ತಾರೆ. ಸ್ವಲ್ಪ ತಡೆಯಿರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಗರ್ಭ ತಡೆಯುವ ಮಾತ್ರೆ ಬಳಸುವ ವಿವಾಹಿತ ಹೆಂಗಸರು ನೂರಕ್ಕೆ ಐವರು. ಆಪರೇಷನ್ ಮಾಡಿಸಿಕೊಂಡವರು ನೂರಕ್ಕೆ ಸುಮಾರು 38. ಕೇರಳದಲ್ಲಂತೂ ಆಪರೇಷನ್ನೇ ಜಾಸ್ತಿ, ಮಾತ್ರೆ ತೀರಾ ಕಡಿಮೆ. ಮನುಷ್ಯರ, ದನಗಳ ಮೈಯಿಂದ ಸಹಜವಾಗಿ ಹೊರಬರುವ ಈಸ್ಟ್ರೋಜನ್ ತೂಕದಲ್ಲಿ ಮಾತ್ರೆಯದ್ದಕ್ಕಿಂತ ಎಷ್ಟೋ ಹೆಚ್ಚು. ಅದು ಬೇಗ ಮುರಿಯುತ್ತದೆ, ಮೀನಿನ ಮೇಲೆ ಪರಿಣಾಮವೂ ಕಡಿಮೆ, ಅಷ್ಟೇ. ದೂರಬೇಕಾದ್ದು ಮಾತ್ರೆಯನ್ನಲ್ಲ, ಗುಂಡಿಯನ್ನು.

ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಮಾತ್ರೆ ಇದೆ. ಜಾತ್ರೆ, ಮದುವೆ, ಗೃಹಪ್ರವೇಶ, ತಂಬಿಲ ಹತ್ತಿರ ಬಂದಾಗ ಮೆಡಿಕಲ್ ಶಾಪಿನಲ್ಲಿ ತಗ್ಗಿದ ಸ್ವರದಲ್ಲಿ ಕೇಳಿ ಪಡೆಯುವುದು. ಮುಟ್ಟು ಮುಂದೂಡುವ ನೊರೆಥಿಸ್ಟೆರೋನ್. ಸಾಮಾನ್ಯವಾಗಿ 5 ಮಿಲಿಗ್ರಾಂನದ್ದು, ದಿನಕ್ಕೆ ಮೂರು. ಅಂದರೆ ದಿನಕ್ಕೆ 15 ಮಿಲಿಗ್ರಾಂ. ತೂಕದಲ್ಲಿ ನೋಡಿದರೆ ಮಾಲಾ-ಎನ್ ಮಾತ್ರೆಯಲ್ಲಿರುವ ಎಥಿನೈಲ್ ಈಸ್ಟ್ರಡಯಾಲಿನ 500 ಪಟ್ಟು. ಇದು ಪ್ರೊಜೆಸ್ಟಿನ್ ಎಂಬ ಬೇರೆ ಗುಂಪಿನ ಹಾರ್ಮೋನು, ಆದ್ದರಿಂದ ನೇರ ಹೋಲಿಕೆ ಸರಿಯಲ್ಲ. ಆದರೆ ಈ ಗುಂಪೇನೂ ಪಾಪದ್ದಲ್ಲ. ಇದೇ ಗುಂಪಿನ ಲೆವೊನಾರ್ಜೆಸ್ಟ್ರೆಲ್ ಲೀಟರಿಗೆ 1 ನ್ಯಾನೊಗ್ರಾಂಗಿಂತ ಕಡಿಮೆ ಇದ್ದಾಗಲೇ ಮಿನ್ನೋ ಮೀನು ಮೊಟ್ಟೆ ಇಡುವುದು ಕಡಿಮೆಯಾದದ್ದು ಪ್ರಯೋಗದಲ್ಲಿ ಕಂಡಿದೆ. ಮಾಲಾ-ಎನ್‌ನಲ್ಲೂ ಅದು ಇದೆ, 72 ಗಂಟೆಯೊಳಗೆ ತೆಗೆದುಕೊಳ್ಳುವ ತುರ್ತು ಮಾತ್ರೆಯಲ್ಲಿ 1.5 ಮಿಲಿಗ್ರಾಂ ಇದೆ. ನಮ್ಮ ಜಾತ್ರೆ, ಮದುವೆ ಹೆಚ್ಚಿನವು ಯಾವಾಗ? ಬೇಸಗೆಯಲ್ಲಿ.

ಹಾರ್ಮೋನು ಕೊಟ್ಟರೆ ಮೀನಿನ ಲಿಂಗವೇ ಬದಲಾಗುತ್ತದೆ ಎಂದು ನಂಬಲು ಕಷ್ಟವಾದವರು ಟಿಲಾಪಿಯಾ ಸಾಕುವವರನ್ನು ಕೇಳಬಹುದು. ತೋಟದ ಬದಿಯಲ್ಲಿ ಪ್ಲಾಸ್ಟಿಕ್ ಶೀಟು ಹಾಸಿದ ಹೊಂಡದಲ್ಲಿ ಗಿಫ್ಟ್ ಎಂಬ ತಳಿಯ ಟಿಲಾಪಿಯಾ ಸಾಕುವವರು ಈಗ ಬಹಳ ಮಂದಿ. ಮರಿ ತರುವಾಗ 'ಎಲ್ಲ ಗಂಡು' ಎಂದು ಹೇಳಿಯೇ ಕೊಡುತ್ತಾರೆ. ಹೆಣ್ಣು ಇದ್ದರೆ ಆಹಾರವೆಲ್ಲ ಮೊಟ್ಟೆಗೆ ಹೋಗುತ್ತದೆ, ಮರಿಗಳನ್ನು ಬಾಯಲ್ಲಿಟ್ಟು ಸಾಕುವಾಗ ಅದು ತಿನ್ನುವುದೂ ಇಲ್ಲ, ಹೊಂಡ ತುಂಬ ಬೆರಳುದ್ದದ ಮೀನು ಆಗುತ್ತದೆ. ಅದಕ್ಕೆ ಹ್ಯಾಚರಿಯಲ್ಲಿ ಈಗಷ್ಟೇ ಈಜಲು ಕಲಿತ ಮರಿಗಳಿಗೆ ಮೂರು ನಾಲ್ಕು ವಾರ ಮೀಥೈಲ್ ಟೆಸ್ಟೋಸ್ಟೆರೋನ್ ಬೆರೆಸಿದ ಹುಡಿ ತಿನ್ನಿಸುವುದು ಲೋಕವಿಡೀ ರೂಢಿ. ಕಿಲೋ ಆಹಾರಕ್ಕೆ ಸುಮಾರು 60 ಮಿಲಿಗ್ರಾಂ. ಆ ವಯಸ್ಸಿನಲ್ಲಿ ಮರಿಗೆ ಇನ್ನೂ ಗಂಡು ಹೆಣ್ಣು ಎಂದು ನಿಶ್ಚಯವಾಗಿರುವುದಿಲ್ಲ. ಹೆಣ್ಣಾಗಿ ಹುಟ್ಟಿದ್ದೂ ಗಂಡಾಗಿ ಬೆಳೆಯುತ್ತದೆ. ತಮಾಷೆ ಎಂದರೆ, ಡೋಸ್ ಅತಿಯಾದರೆ ಫಲ ಉಲ್ಟಾ ಆಗುವುದೂ ಉಂಟು. ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಬದಲಿಸುವ ಒಂದು ಕಿಣ್ವ ಮೀನಿನ ಮೈಯಲ್ಲಿದೆ.

ಆರು ತಿಂಗಳು ಕಳೆದು ನಮ್ಮ ತಟ್ಟೆಗೆ ಬರುವ ಹೊತ್ತಿಗೆ ಆ ಮೀನಿನಲ್ಲಿ ಹಾರ್ಮೋನು ಉಳಿದಿರುವುದಿಲ್ಲ. ತಿನ್ನುವವರಿಗೆ ಇದರಲ್ಲಿ ಭಯ ಬೇಡ. ನೋಡಬೇಕಾದ್ದು ಮರಿ ಮಾಡುವ ಜಾಗದ ನೀರು ಎಲ್ಲಿ ಹೋಗುತ್ತದೆ ಎಂದು. ತಿನ್ನದೆ ಉಳಿದ ಆಹಾರ ತಳದ ಕೆಸರಿಗೆ ಸೇರಿದರೆ ಹಾರ್ಮೋನು ಅಲ್ಲಿ ವಾರಗಟ್ಟಲೆ ಉಳಿಯುತ್ತದೆ.

ಎಂಡೋಸಲ್ಫಾನ್ ಬಗ್ಗೆ ಹೇಳದೆ ಕಾಸರಗೋಡಿನಲ್ಲಿ ಈ ವಿಷಯ ಬರೆಯಲು ಆಗುವುದಿಲ್ಲ. ಅದು ಹಾರ್ಮೋನು ಅಲ್ಲ, ಕೀಟನಾಶಕ. ಆದರೆ ಹಾರ್ಮೋನಿನ ಕೆಲಸಕ್ಕೆ ಅಡ್ಡ ಬರುವ ಗುಣ ಅದಕ್ಕೂ ಇದೆ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು, ಪಡ್ರೆ, ಸ್ವರ್ಗ ಎಂಬ ಊರುಗಳ ಮನೆಗಳಲ್ಲಿ ಕಂಡ ಕಾಯಿಲೆಗಳು ನಮಗೆಲ್ಲ ಗೊತ್ತಿದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇಲ್ಲಿಯ ಗಂಡುಮಕ್ಕಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರು ಪ್ರಾಯಕ್ಕೆ ಬರುವುದು ತಡವಾಗಿದೆ ಎಂದು ಹೇಳಿದರು. ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಹಾರ್ಮೋನಿಗೆ ಹೊರಗಿನ ವಸ್ತು ಅಡ್ಡ ಬಂದರೆ ಏನಾಗುತ್ತದೆ ಎಂಬುದು ಈ ಜಿಲ್ಲೆಗೆ ಪುಸ್ತಕದ ವಿಷಯ ಅಲ್ಲ.

ನೀರು ಕುಡಿಯುವವರು ನಾವೂ ತಾನೇ, ನಮಗೇನು? ಇದಕ್ಕೂ ಲೆಕ್ಕ ಇದೆ. ಲೀಟರಿಗೆ 1 ನ್ಯಾನೊಗ್ರಾಂ ಇರುವ ನೀರನ್ನು ದಿನಕ್ಕೆ 2 ಲೀಟರ್ ಕುಡಿದರೆ ಒಂದು ಮಾತ್ರೆಯಷ್ಟು ಎಥಿನೈಲ್ ಈಸ್ಟ್ರಡಯಾಲ್ ಹೊಟ್ಟೆಗೆ ಹೋಗಲು 15 ಸಾವಿರ ದಿನ ಬೇಕು. 41 ವರ್ಷ! ಹಾಗಾಗಿ ಇದು ಮೀನಿನ ತೊಂದರೆ, ನಮ್ಮದಲ್ಲ. ನಮ್ಮದಲ್ಲ ಎಂಬ ಕಾರಣಕ್ಕೇ ಯಾರೂ ಪರೀಕ್ಷಿಸುವುದಿಲ್ಲ ಎಂಬ ಅನುಮಾನ ನನಗೆ. ಯುರೋಪಿನಲ್ಲಿ 2015ರಲ್ಲಿ ಎಥಿನೈಲ್ ಈಸ್ಟ್ರಡಯಾಲ್ ನೀರಿನಲ್ಲಿ ಕಣ್ಣಿಡಬೇಕಾದ ವಸ್ತುಗಳ ಪಟ್ಟಿಗೆ ಸೇರಿತು. ಸ್ವಿಟ್ಜರ್ಲೆಂಡಿನವರು ಕೊಳಚೆ ಘಟಕಗಳಿಗೆ ಓಝೋನ್, ಇದ್ದಿಲು ಸೇರಿಸುತ್ತಿದ್ದಾರೆ. ಅದಕ್ಕೆ ಮೊದಲು ಘಟಕ ಇರಬೇಕು, ನಾವು ಇನ್ನೂ ಗುಂಡಿಯಲ್ಲೇ ಇದ್ದೇವೆ.

ಹೊಳೆಯಲ್ಲಿ ನ್ಯಾನೊಗ್ರಾಂಗಿಂತ ಕಡಿಮೆ ಇರುವುದನ್ನು ಅಳೆಯಲು ಕೋಟಿ ಬೆಲೆಯ ಯಂತ್ರ ಬೇಕು. ಆದರೆ ಮೀನನ್ನೇ ಕೇಳಬಹುದು. ಗಂಡು ಮೀನಿನ ರಕ್ತದಲ್ಲಿ ವಿಟೆಲೊಜೆನಿನ್ ಇದ್ದರೆ ನೀರಿನಲ್ಲಿ ಈಸ್ಟ್ರೋಜನ್ ಇದೆ ಎಂದೇ ಲೆಕ್ಕ. ಇದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಎಟುಕುವ ಕೆಲಸ. ಎಪ್ರಿಲ್ ಕೊನೆಗೆ ಸುಳ್ಯ ಪೇಟೆಯಿಂದ ಮೇಲೆ ಒಂದು ಕಯ, ಪೇಟೆಯಿಂದ ಕೆಳಗೆ ಒಂದು, ಆದೂರಿನ ಹತ್ತಿರ ಒಂದು, ಬಾವಿಕ್ಕರೆಯ ಅಡ್ಡಕಟ್ಟಿನ ಹಿಂದೆ ಒಂದು. ನಾಲ್ಕು ಕಡೆಯಿಂದಲೂ ಒಂದೇ ಜಾತಿಯ ಮೀನು ಹಿಡಿದು, ಗಂಡುಗಳನ್ನು ಬೇರೆ ಮಾಡಿ, ರಕ್ತವನ್ನೂ ವೃಷಣದ ತೆಳು ಪದರವನ್ನೂ ನೋಡಬೇಕು. ಎರಡು ಜಾಗ ಕರ್ನಾಟಕದಲ್ಲಿ, ಎರಡು ಕೇರಳದಲ್ಲಿ ಇರುವುದರಿಂದ ಅನುಮತಿ ಪತ್ರ ಎರಡೂ ಕಡೆ ಬೇಕಾದೀತು. ದೇವಸ್ಥಾನದ ಬುಡದಲ್ಲಿರುವ ದೇವರ ಮೀನುಗಳನ್ನು ಮುಟ್ಟುವ ಹಾಗಿಲ್ಲ. ಮುಗುಡು ಸಾಕು, ಅದು ಎಲ್ಲ ಕಡೆ ಇದೆ.